ದೆವ್ವ ನಮ್ಮ ಬೀದಿಯದೇ ಇರಲಿ

ಮಾನ್ಯರೇ,

ಕನ್ನಡದಲ್ಲಿ ಹಾರರ್, ಥ್ರಿಲ್ಲರ್ ಸಿನಿಮಾ ಓಡಲ್ಲ, ನಮ್ಮ ಜನಕ್ಕೆ ಅದು ಬೇಡ ಅನ್ನುವ ಮಾತು ಗಾಂಧಿನಗರದಲ್ಲಿ ಆಗಾಗ ಕೇಳಿಬರುತ್ತದೆ. ಇಂಥ ಸಿನಿಮಾ ಬಂತೆಂದರೆ ಮನೆಕೆಲಸ ಬದಿಗಿಟ್ಟು ಓಡುವವಳು ನಾನು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೆದರಲು ನಾವು ತಯಾರಿದ್ದೇವೆ. ನಮಗೆ ಸಾಕಾಗಿರುವುದು ಎರವಲು ತಂದ ಭಯ.

ಊರಾಚೆ ಗುಡ್ಡದ ಮೇಲೊಂದು ಬಂಗಲೆ. ವೀಕೆಂಡ್ ಕಳೆಯಲು ಬಂದ ಆರೇಳು ಜನ ಗೆಳೆಯರು. ಮೂಲೆಯಲ್ಲಿ ಕಣ್ಣು ಬಿಟ್ಟುಕೊಂಡು ಕೂತ ಗೊಂಬೆ, ತನಗೆ ತಾನೇ ತೂಗುವ ಕುರ್ಚಿ, ಎಲ್ಲಿ ನೋಡಿದರೂ ಹೊಗೆ. ಆ ಮನೆಯಲ್ಲಿ ಯಾರೂ ಒಗ್ಗರಣೆ ಹಾಕಿದ ಹಾಗೆ, ಬಟ್ಟೆ ಒಣಗಿಸಿದ ಹಾಗೆ ಕಾಣುವುದಿಲ್ಲ. ಯಾರೂ ಬದುಕಿರದ ಮನೆಯಲ್ಲಿ ಯಾರು ಸತ್ತರೂ ನಮಗೆ ಏನೂ ಅನ್ನಿಸುವುದಿಲ್ಲ ಅಲ್ವಾ?

ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಬೆಳೆದವರಿಗೆ 'ನಾಳೆ ಬಾ' ನೆನಪಿರುತ್ತದೆ. ಆಗ ನಾವು ಶ್ರೀನಗರದ ಒಂದು ವಠಾರದಲ್ಲಿದ್ದೆವು. ಸಾಲಾಗಿದ್ದ ಮನೆಗಳ ಬಾಗಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ, ಇಲ್ಲದವರ ಮನೆಯಲ್ಲಿ ಇದ್ದಿಲಲ್ಲಿ, ಇದೊಂದೇ ಬರಹ. ರಾತ್ರಿ ಹೆಣ್ಣು ದೆವ್ವವೊಂದು ಬೀದಿ ಸುತ್ತುತ್ತದೆ, ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ. ತೆಗೆದರೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಅಂತಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮಾರನೇ ದಿನ ಬಂದರೂ ಅದೇ ಬರಹ. ಮಳೆಗೆ ಅಳಿಸಿದರೆ ಅಮ್ಮ ಮತ್ತೆ ಬರೆಯುತ್ತಿದ್ದಳು.

ಅಪ್ಪ ಎರಡನೇ ಪಾಳಿ ಮುಗಿಸಿ ಬರುವಷ್ಟರಲ್ಲಿ ಮಧ್ಯರಾತ್ರಿ ಹತ್ತಿರವಾಗುತ್ತಿತ್ತು. ಹೊರಗಿನಿಂದ 'ಬಾಗಿಲು ತೆಗಿಯೇ' ಅಂದರೆ ಅಮ್ಮ ತಕ್ಷಣ ತೆಗೆಯುತ್ತಿರಲಿಲ್ಲ. ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದಳು. ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿಸಬೇಕು, ಅಪ್ಪ ಒಂದು ಸಲ ಕೆಮ್ಮಬೇಕು, ಆಮೇಲೆ ಚಿಲಕ. ಚಾಪೆಯ ಮೇಲೆ ಮಲಗಿದ್ದ ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ದೆವ್ವಕ್ಕಿಂತ ಜಾಸ್ತಿ ಹೆದರಿಸುತ್ತಿದ್ದದ್ದು ಅಮ್ಮನ ಆ ಅನುಮಾನ. ನಮ್ಮಪ್ಪನ ದನಿಯನ್ನೇ ಅಮ್ಮ ನಂಬುತ್ತಿಲ್ಲವಲ್ಲ!

ಈ ಕಥೆಯಲ್ಲಿ ದೆವ್ವ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕಿರುಚುವುದೂ ಇಲ್ಲ. ಮೆತ್ತಗೆ ಹೆಸರು ಹಿಡಿದು ಕರೆಯುತ್ತದೆ, ಅಷ್ಟೇ. ಬೇಕಾಗಿರುವುದು ಒಂದು ಬಾಗಿಲು, ಆಚೆ ಒಂದು ದನಿ, ಈಚೆ ಒಂದು ಹೆಂಗಸು. 2018ರಲ್ಲಿ ಬಂದ ಹಿಂದಿಯ 'ಸ್ತ್ರೀ' ಸಿನಿಮಾದಲ್ಲಿ ಹೆಚ್ಚುಕಡಿಮೆ ಇದೇ ನಂಬಿಕೆ ಇದೆ. ಚಂದೇರಿ ಊರಿನ ಗೋಡೆಗಳ ಮೇಲೆ 'ಓ ಸ್ತ್ರೀ ಕಲ್ ಆನಾ' ಅಂತ ಬರೆದಿರುತ್ತಾರೆ. ದೇಶವೆಲ್ಲ ಮುಗಿಬಿದ್ದು ನೋಡಿತು. ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ನಮ್ಮ ಬಾಗಿಲಲ್ಲೇ ನಿಂತಿದ್ದ ಕಥೆ ನಮ್ಮವರ ಕೈಯಲ್ಲಿ ಅಷ್ಟು ದೊಡ್ಡ ಸಿನಿಮಾ ಯಾಕಾಗಲಿಲ್ಲ?

ನಮ್ಮವರಿಗೆ ಬರುವುದಿಲ್ಲ ಅಂತೇನೂ ಇಲ್ಲ. ಪವನ್ ಕುಮಾರ್ ಅವರ 'ಯು ಟರ್ನ್' (2016) ನೋಡಿ. ಡಬಲ್ ರೋಡ್ ಫ್ಲೈಓವರ್ ಮೇಲೆ ಜನ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸುತ್ತಾರೆ. ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಬೆಂಗಳೂರಿನಲ್ಲಿ ದಿನಾ ನಡೆಯುವ ಸಣ್ಣ ತಪ್ಪು. ನಾವೂ ಮಾಡಿರುತ್ತೇವೆ, ಇಲ್ಲವೇ ಮಾಡುವವರ ಹಿಂದಿನ ಸೀಟಲ್ಲಿ ಕೂತಿರುತ್ತೇವೆ. ಆ ಸಿನಿಮಾ ಭಯ ಹುಟ್ಟಿಸುವುದು ಅಲ್ಲಿಂದ. ಈಗಲೂ ಆ ಕಡೆ ಹೋದರೆ ನನ್ನ ಕಣ್ಣು ತಾನಾಗಿ ಡಿವೈಡರ್ ಕಡೆ ಹೊರಳುತ್ತದೆ. ಬೆಂಗಳೂರಿನ ಒಂದು ಫ್ಲೈಓವರ್ ಕಥೆ ಆಮೇಲೆ ತಮಿಳು, ತೆಲುಗು, ಮಲಯಾಳಂ, ಹಿಂದಿಗೂ ಹೋಯಿತು. 2025ರಲ್ಲಿ ಬಂದ 'ಸು ಫ್ರಮ್ ಸೋ' ನಗಿಸುವ ಸಿನಿಮಾ, ನಿಜ. ಆದರೆ ಹುಡುಗನೊಬ್ಬನ ಮೈಮೇಲೆ ಯಾವುದೋ ಊರಿನ ಹೆಂಗಸು ಬಂದಿದ್ದಾಳೆ ಅನ್ನುವ ಸುದ್ದಿ ಕರಾವಳಿಯ ಒಂದು ಹಳ್ಳಿಯಲ್ಲಿ ಮನೆಯಿಂದ ಮನೆಗೆ ಹೇಗೆ ಹರಡುತ್ತದೆ ಅನ್ನುವುದನ್ನು ಅಷ್ಟು ಚೆನ್ನಾಗಿ ಹಿಡಿದಿದ್ದಕ್ಕೇ ಅದು ಹೌಸ್‌ಫುಲ್ ಆಯಿತು. ಹಾರರ್ ಓಡಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಇನ್ನು ಸದ್ದಿನ ವಿಷಯ. ಈಚೆಗೆ ನಗರದ ಒಂದು ಮಲ್ಟಿಪ್ಲೆಕ್ಸಿನಲ್ಲಿ ನಮ್ಮ ಅತ್ತಿಗೆ ಜೊತೆ ಹೋಗಿ ಒಂದು ದೆವ್ವದ ಸಿನಿಮಾ ನೋಡಿದೆ. ಬೆಕ್ಕು ಹಾರಿದರೂ ಢಂ, ಫ್ರಿಜ್ ಬಾಗಿಲು ತೆಗೆದರೂ ಢಂ, ಗೆಳೆಯ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟರೂ ಢಂ. ಅತ್ತಿಗೆ ಅರ್ಧ ಸಿನಿಮಾ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದರು. ಕಣ್ಣು ಮಾತ್ರ ಪೂರ್ತಿ ತೆರೆದಿತ್ತು. ಅಂದರೆ ಪರದೆ ಮೇಲಿದ್ದ ಯಾವುದೂ ಅವರನ್ನು ಹೆದರಿಸಿರಲಿಲ್ಲ. ಕಿವಿಯ ಹತ್ತಿರ ಪಟಾಕಿ ಹಚ್ಚಿದರೆ ಯಾರಾದರೂ ಬೆಚ್ಚಿಬೀಳುತ್ತಾರೆ. ಮನೆಗೆ ಬಂದ ಮೇಲೂ ಬಚ್ಚಲುಮನೆ ಲೈಟ್ ಹಾಕಿಕೊಂಡೇ ಹೋಗುವ ಹಾಗೆ ಮಾಡುವುದು ಬೇರೆಯೇ ಕೆಲಸ. ಅದಕ್ಕೆ ತಾಳ್ಮೆ ಬೇಕು. ದೃಶ್ಯ ಸುಮ್ಮನೆ ನಿಲ್ಲಬೇಕು. ಫ್ಯಾನ್ ತಿರುಗುವುದು, ನಲ್ಲಿ ತೊಟ್ಟಿಕ್ಕುವುದು ಕೇಳಿಸಬೇಕು.

ಸುನೀಲ್ ಕುಮಾರ್ ದೇಸಾಯಿ ಅವರು 'ತರ್ಕ'ವನ್ನೂ 'ನಿಷ್ಕರ್ಷ'ವನ್ನೂ ಒಂದೂ ಹಾಡಿಲ್ಲದೆ ಮಾಡಿದರು. 'ನಿಷ್ಕರ್ಷ' ಬಂದದ್ದು 1993ರಲ್ಲಿ. ಹಾಡಿಲ್ಲದೆ ಸಿನಿಮಾ ಮಾಡಲು ಹೆಚ್ಚಿನವರು ಧೈರ್ಯ ಮಾಡದ ಕಾಲ ಅದು. ವಿಷ್ಣುವರ್ಧನ್, ಅನಂತ್ ನಾಗ್ ಅಂಥ ನಟರಿದ್ದೂ ಕುಣಿತ ಬೇಡ ಅಂದರು. ಮಣಿಪಾಲದ ಒಂದು ಬ್ಯಾಂಕಿನೊಳಗೆ ದರೋಡೆಕೋರರು ಜನರನ್ನು ಒತ್ತೆ ಇಟ್ಟುಕೊಂಡಿದ್ದಾರೆ, ಕಥೆ ಆ ಕಟ್ಟಡ ಬಿಟ್ಟು ದೂರ ಹೋಗುವುದಿಲ್ಲ. ಇಷ್ಟು ವರ್ಷಗಳ ಮೇಲೂ ಟೀವಿಯಲ್ಲಿ ಬಂದರೆ ರಿಮೋಟ್ ಕೆಳಗಿಡುತ್ತೇವೆ. ಈಗಿನ ಥ್ರಿಲ್ಲರ್‌ಗಳಲ್ಲಿ ಕೊಲೆಗಾರ ಇನ್ನೂ ಸಿಕ್ಕಿರುವುದಿಲ್ಲ, ಅಷ್ಟರಲ್ಲಿ ನಾಯಕ ನಾಯಕಿ ಹಿಮದ ಮೇಲೆ ಕುಣಿಯುತ್ತಿರುತ್ತಾರೆ.

ಪತ್ತೇದಾರಿ ಕಥೆಗೆ ಒಂದು ನಿಯತ್ತಿದೆ. ಸುಳಿವು ನಮ್ಮ ಕಣ್ಣಮುಂದೆಯೇ ಇರಬೇಕು, ನಾವು ಗಮನಿಸದೆ ಹೋಗಿರಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು, ಟಿ.ಕೆ. ರಾಮರಾವ್ ಅವರ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ರಾತ್ರಿಯೆಲ್ಲ ಓದಿದ ಜನ ನಾವು. ಕೊನೆಯ ಹತ್ತು ನಿಮಿಷದಲ್ಲಿ ಅಲ್ಲಿಯವರೆಗೆ ತೋರಿಸದೇ ಇದ್ದ ಅವಳಿ ತಮ್ಮನನ್ನು ತಂದು ನಿಲ್ಲಿಸಿದರೆ ಅದು ಟ್ವಿಸ್ಟ್ ಅಲ್ಲ, ಮೋಸ.

ಇದಕ್ಕಿಂತ ಜಾಸ್ತಿ ನೋವು ಕೊಡುವ ಇನ್ನೊಂದು ಅಭ್ಯಾಸವಿದೆ. ಕೊಲೆಗೆ ಕಾರಣ ಹೊಳೆಯದಿದ್ದರೆ ಕೊಲೆಗಾರನಿಗೆ 'ಸೈಕೋ' ಅಂತ ಹಣೆಪಟ್ಟಿ ಹಚ್ಚುವುದು. ಒಂದು ಮಾತ್ರೆ ಡಬ್ಬಿ, ಒಂದು ಹುಚ್ಚು ನಗು, ಅಲ್ಲಿಗೆ ಕಥೆ ಮುಗಿಯಿತು. ನಿಮ್ಹಾನ್ಸ್ ಇರುವ ಊರು ನಮ್ಮದು. ಬೆಳಗ್ಗೆ ಹೊಸೂರು ರಸ್ತೆಯ ಆ ಗೇಟಿನ ಹತ್ತಿರ ಫೈಲು ಹಿಡಿದು ಇಳಿಯುವವರನ್ನು ನೋಡಿದ್ದೇನೆ. ರಾತ್ರಿ ಬಸ್ಸಿನಲ್ಲಿ ದೂರದ ಊರುಗಳಿಂದ ಬಂದ ಅಪ್ಪ ಅಮ್ಮ, ನಡುವೆ ತಲೆ ತಗ್ಗಿಸಿದ ಒಬ್ಬ ಹುಡುಗ. ಅವರಿಂದ ಊರಿಗೆ ಯಾವ ಅಪಾಯವೂ ಇಲ್ಲ. ನಮ್ಮ ನೆಂಟರಲ್ಲೇ ಒಬ್ಬಳು ಹುಡುಗಿ, ಮಾತ್ರೆ ತಗೊಂಡರೆ ಹುಚ್ಚಿ ಅಂದುಬಿಡುತ್ತಾರೆ ಅಂತ ತಿಂಗಳುಗಟ್ಟಲೆ ಡಾಕ್ಟರ ಹತ್ತಿರ ಹೋಗಲಿಲ್ಲ. ಆ ಹೆದರಿಕೆ ಅವಳ ತಲೆಗೆ ಬಂದದ್ದರಲ್ಲಿ ಸಿನಿಮಾದ ಪಾಲೂ ಇದೆ. 'ಆಪ್ತಮಿತ್ರ' (2004) ಮಲಯಾಳಂ ಸಿನಿಮಾದ ರೀಮೇಕ್ ಆದರೂ ಈ ವಿಷಯದಲ್ಲಿ ದೊಡ್ಡ ಮನಸ್ಸಿನದು. ಸೌಂದರ್ಯ ಮಾಡಿದ ಗಂಗಾಳನ್ನು ಅಲ್ಲಿ ಯಾರೂ ಕೊಲ್ಲುವುದಿಲ್ಲ. ಅವಳು ರೋಗಿ, ಅವಳನ್ನು ಗುಣಪಡಿಸಬೇಕು ಅಂತ ಡಾಕ್ಟರ್ ಹಟ ಹಿಡಿಯುತ್ತಾನೆ. ಜನ ಅವಳನ್ನು ಕಂಡು ನಡುಗಿದರು, ಅವಳಿಗಾಗಿ ಅತ್ತರು ಕೂಡ.

ಚಿತ್ರಮಂದಿರದವರಲ್ಲೂ ಒಂದು ಕೋರಿಕೆ. 'ಎ' ಸಿನಿಮಾಕ್ಕೆ 18 ತುಂಬದವರನ್ನು ಬಿಡುವಂತಿಲ್ಲ. ಯುಎ ಸಿನಿಮಾಗಳಿಗೆ ಈಗ 7, 13, 16 ಅಂತ ವಯಸ್ಸಿನ ಗುರುತೂ ಬಂದಿದೆ. ಟಿಕೆಟ್ ಕೊಡುವಾಗ ಇದನ್ನು ದಯವಿಟ್ಟು ಹೇಳಿ. ರಾತ್ರಿ ಆಟದಲ್ಲಿ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿ 'ಮನೆಗೆ ಹೋಗೋಣ' ಅಂತ ಅಳುವ ಪುಟ್ಟ ಮಗುವನ್ನು ನೋಡಲು ಸಂಕಟವಾಗುತ್ತದೆ.

ಕಥೆಗೆ ಜಾಗ ಹುಡುಕುವ ಹೊಸ ನಿರ್ದೇಶಕರು ಈ ಊರನ್ನೇ ಸ್ವಲ್ಪ ನಿಧಾನವಾಗಿ ನೋಡಲಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಎದ್ದದ್ದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಮುಚ್ಚಿ ಕಟ್ಟಿದ ಬಡಾವಣೆಗಳಲ್ಲಿ ಈಗಲೂ ಜೋರು ಮಳೆ ಬಂದ ರಾತ್ರಿ ನೀರು ಹಳೆಯ ದಾರಿ ಹುಡುಕಿಕೊಂಡು ಮನೆಯೊಳಗೆ ಬರುತ್ತದೆ. ಕರೆಂಟ್ ಹೋಗಿರುತ್ತದೆ, ನೆಲಮಹಡಿಯಲ್ಲಿ ವಯಸ್ಸಾದವರೊಬ್ಬರೇ ಇರುತ್ತಾರೆ, ಬಾಗಿಲ ಸಂದಿಯಿಂದ ನೀರು ಒಳಗೆ ಬರುವ ಸಣ್ಣ ಸದ್ದು. ಇದಕ್ಕೆ ಬಂಗಲೆಯೂ ಬೇಡ, ಗೊಂಬೆಯೂ ಬೇಡ. ಯಾರಾದರೂ ಬರೆಯಿರಿ. ಮೊದಲ ದಿನ ಮೊದಲ ಆಟಕ್ಕೆ ನಮ್ಮ ಅತ್ತಿಗೆಯನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ಒಬ್ಬ ಪ್ರೇಕ್ಷಕಿ
ಹನುಮಂತನಗರ, ಬೆಂಗಳೂರು