ಗೋಡೆಯ ಮೇಲೆ ಪಟವಿಲ್ಲದ ಹುದ್ದೆ

ಚಿ. ಸುಮನಾಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್‌ನಲ್ಲಿ ನಿನಗೆ ಚೀಫ್ ಆಫ್ ಸ್ಟಾಫ್, ಅಂದರೆ ಮುಖ್ಯಸ್ಥರ ಬೆನ್ನಿಗೆ ನಿಂತು ಕೆಲಸ ನಡೆಸಿಕೊಡುವ ಹುದ್ದೆ ಸಿಕ್ಕಿತೆಂದು ತಿಳಿದಾಗಿನಿಂದ ನಿನ್ನ ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ವಿಶ್ವೇಶ್ವರಯ್ಯನವರ ಹೆಸರಿನ ಮುಂದೆ ಬರುತ್ತಿದ್ದ ಎಂ.ಐ.ಸಿ.ಇ. ಎಂಬ ಅಕ್ಷರಗಳು ಇದೇ ಸಂಸ್ಥೆಯ ಸದಸ್ಯತ್ವದವೆಂದು ಹಾಲಿನವನಿಗೂ ಹೇಳಿಯಾಗಿದೆ. ನೀನು ಎಂಜಿನಿಯರ್ ಅಲ್ಲ, ಅಲ್ಲಿ ಸೇತುವೆ ಕಟ್ಟಲು ಹೋಗಿಲ್ಲ ಎಂದು ನಾನು ತಿದ್ದುವಷ್ಟರಲ್ಲಿ ಸುದ್ದಿ ಎರಡು ಬೀದಿ ದಾಟಿತ್ತು.

ಸದಸ್ಯರ ಸಂಘವೊಂದರ ಕಚೇರಿಯನ್ನು ನಿವೃತ್ತಿಯವರೆಗೆ ನೋಡಿಕೊಂಡವಳು ನಾನು ಎಂಬ ಕಾರಣಕ್ಕೆ, ಮೊದಲು ಏನು ಕಲಿಯಬೇಕು ಎಂದು ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ಮೊದಲು ಆ ಮನೆಯ ಚರಿತ್ರೆ ಓದು. ಅದರಲ್ಲೂ ಎರಡನೆಯ ಸಾಲಿನಲ್ಲಿ ನಿಂತವರ ಚರಿತ್ರೆ. ಗ್ರೇಟ್ ಜಾರ್ಜ್ ಸ್ಟ್ರೀಟಿನ ಆ ಕಟ್ಟಡದಲ್ಲಿ ಮಾಜಿ ಅಧ್ಯಕ್ಷರ ಚಿತ್ರಗಳನ್ನು ದಿನವೂ ನೋಡುತ್ತೀಯೆ. ಮೊದಲ ಅಧ್ಯಕ್ಷ, ರಸ್ತೆ ಸೇತುವೆಗಳಿಂದ ಹೆಸರಾದ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್. ಆದರೆ ಸಂಸ್ಥೆಯನ್ನು ಹುಟ್ಟಿಸಿದವನು ಅವನಲ್ಲ. 1818ರ ಜನವರಿ 2ರಂದು ಫ್ಲೀಟ್ ಸ್ಟ್ರೀಟಿನ ಕೆಂಡಾಲ್ ಕಾಫಿ ಹೌಸಿನಲ್ಲಿ ಬೆರಳೆಣಿಕೆಯ ಯುವಕರು ಸೇರಿ ಅದನ್ನು ಶುರು ಮಾಡಿದರು. ಅವರನ್ನು ಕೂಡಿಸಿದವನು ಹೆನ್ರಿ ರಾಬಿನ್ಸನ್ ಪಾಮರ್, ಆಗ ಇಪ್ಪತ್ತೈದೂ ತುಂಬದವನು. ಎರಡು ವರ್ಷ ಸಂಘ ಕುಂಟುತ್ತಾ ನಡೆಯಿತು. ಹುಡುಗರ ಕೂಟಕ್ಕೆ ಹೆಸರಿದ್ದವರು ಯಾಕೆ ಬಂದಾರು? 1820ರಲ್ಲಿ ಟೆಲ್‌ಫರ್ಡನನ್ನು ಅಧ್ಯಕ್ಷನಾಗಲು ಒಪ್ಪಿಸಿದರು. ಅವನ ವರ್ಚಸ್ಸಿನಿಂದ ಜನ ಬಂದರು, 1828ರಲ್ಲಿ ಸಂಸ್ಥೆಗೆ ಅಧಿಕೃತ ಮನ್ನಣೆ ಕೊಡುವ ರಾಜನ ಸನ್ನದೂ ಬಂತು.

ಈ ಪಾಮರ್ ಹಲವು ವರ್ಷ ಟೆಲ್‌ಫರ್ಡನ ಕೈಕೆಳಗೇ ದುಡಿದವನು. ಇಂದು ಇಂಗ್ಲೆಂಡಿನಲ್ಲಿ ಟೆಲ್‌ಫರ್ಡ್ ಎಂಬ ಪಟ್ಟಣವೇ ಇದೆ. ಪಾಮರ್ ಬಿಟ್ಟುಹೋದದ್ದು ಬೇರೆ ತರಹದ್ದು: 1829ರಲ್ಲಿ ಪೇಟೆಂಟ್ ಪಡೆದ ಅಲೆಅಲೆಯಾದ ಕಬ್ಬಿಣದ ತಗಡು. ತೀರ್ಥಹಳ್ಳಿಯಲ್ಲಿ ನಿನ್ನ ಸೋದರಮಾವನ ಕೊಟ್ಟಿಗೆಯ ಮೇಲಿರುವುದು ಅದರದೇ ಸಂತತಿ. ಮಲೆನಾಡಿನ ಮಳೆಯಲ್ಲಿ ಅಡಿಕೆ ಒದ್ದೆಯಾಗದಂತೆ ಕಾಯುವ ಆ ತಗಡಿನ ಕೆಳಗೆ ಕುಳಿತು ಯಾರೂ ಅವನ ಹೆಸರು ಹೇಳುವುದಿಲ್ಲ. ನಿನ್ನ ಹುದ್ದೆ ಈ ಜಾತಿಯದು. ಮಾತು ಕೇಳಿಸುವಂಥ ವ್ಯಕ್ತಿಯನ್ನು ಹಿಡಿದು ತಂದು, ಅವರ ಬಾಯಿಂದ ಸಂಸ್ಥೆಯ ಕೆಲಸ ಆಗುವಂತೆ ನೋಡಿಕೊಳ್ಳುವುದು. ಚಪ್ಪಾಳೆ ಬೇಕೆನ್ನಿಸಿದರೆ ಈಗಲೇ ಬೇರೆ ಕೆಲಸ ಹುಡುಕಿಕೋ, ಬೇಸರವಿಲ್ಲ.

ಇನ್ನು ಆ ಸನ್ನದು ಮತ್ತು ಬೈಲಾ, ಅಂದರೆ ಸಂಸ್ಥೆಯ ಒಳನಿಯಮಗಳು. ಮೊದಲ ವಾರವೇ ಎರಡನ್ನೂ ಪೂರ್ತಿ ಓದು, ಇನ್ನೊಬ್ಬರು ಮಾಡಿಕೊಟ್ಟ ಸಾರಾಂಶವನ್ನಲ್ಲ. ಇಂಥ ಕಡೆ ಆಡಳಿತದ ಬುಡ ಮುಟ್ಟುವ ತಿದ್ದುಪಡಿಗೆ ಸದಸ್ಯರ ಮತ ಬೇಕು, ಆಮೇಲೆ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ಲಿನ ಒಪ್ಪಿಗೆಯೂ ಬೇಕು. ಕಂಪನಿಯಲ್ಲಿ ಕೆಲಸ ಮಾಡಿ ಬಂದ ನಿನಗೆ ಇದು ಕಾಲಿಗೆ ಕಟ್ಟಿದ ಕಲ್ಲಿನಂತೆ ಕಾಣಬಹುದು. ಅಲ್ಲಿ ಗಿರಾಕಿಗಳಿಲ್ಲ ಎಂಬುದನ್ನು ಮರೆಯಬೇಡ; 90,000ಕ್ಕೂ ಹೆಚ್ಚು ಸದಸ್ಯರಿದ್ದಾರೆ. ಚಂದಾ ಕೊಡುವವರೂ ಅವರೇ, ಮತ ಹಾಕುವವರೂ ಅವರೇ, ರಾತ್ರಿ ಹನ್ನೊಂದಕ್ಕೆ ಸಿಡುಕಿನ ಪತ್ರ ಬರೆಯುವವರೂ ಅವರೇ. ಆ ಸಿಡುಕಿನವರಲ್ಲಿ ಒಬ್ಬಿಬ್ಬರನ್ನಾದರೂ ಚೆನ್ನಾಗಿ ಪರಿಚಯ ಮಾಡಿಕೋ. ನನ್ನ ಕಾಲದಲ್ಲಿ ಲೆಕ್ಕಪತ್ರದ ತಪ್ಪನ್ನು ಮೊದಲು ಹಿಡಿಯುತ್ತಿದ್ದವರು ಲೆಕ್ಕ ಪರಿಶೋಧಕರಲ್ಲ, ವಾರ್ಷಿಕ ಮಹಾಸಭೆಯಲ್ಲಿ ಎಲ್ಲರೂ ನಕ್ಕು ಕೂರಿಸುತ್ತಿದ್ದ ಒಬ್ಬ ಹಿರಿಯ ಸದಸ್ಯರು.

ಅಧ್ಯಕ್ಷರು ಅಲ್ಲಿ ಒಂದೇ ವರ್ಷ ಇರುತ್ತಾರೆ. ಪ್ರತಿ ನವೆಂಬರಿನಲ್ಲಿ ಹೊಸಬರು, ಅವರದೊಂದು ಉದ್ಘಾಟನಾ ಭಾಷಣ. ಒಬ್ಬರಿಗೆ ರೈಲು ಮುಖ್ಯ, ಮುಂದಿನವರಿಗೆ ನೀರು, ಅದರ ಮುಂದಿನವರಿಗೆ ಇಂಗಾಲ. ಸಿವಿಲ್ ಎಂಜಿನಿಯರಿಂಗ್ ಎಂದರೆ ಪ್ರಕೃತಿಯ ಮಹಾಶಕ್ತಿಗಳನ್ನು ಮನುಷ್ಯನ ಉಪಯೋಗಕ್ಕೂ ಅನುಕೂಲಕ್ಕೂ ತಿರುಗಿಸುವ ಕಲೆ ಎಂಬ ಆ ಕಾಲದ ಎಂಜಿನಿಯರ್ ಥಾಮಸ್ ಟ್ರೆಡ್‌ಗೋಲ್ಡನ ಮಾತು ಸನ್ನದಿನಲ್ಲೇ ಇದೆ. ಅದನ್ನು ಭಾಷಣಕ್ಕೆ ಸೇರಿಸಬೇಕೆನ್ನುವವರು ನಿನಗೆ ಖಂಡಿತ ಸಿಗುತ್ತಾರೆ. ಸೇರಿಸಿಕೊಡು, ಪಾಪ. ಆದರೆ ಹನ್ನೆರಡು ತಿಂಗಳಲ್ಲಿ ಗುರುತು ಬಿಟ್ಟುಹೋಗಬೇಕೆಂದು ಅವರು ತರುವ ಯೋಜನೆಯಲ್ಲಿ ಹದಿಮೂರನೆಯ ತಿಂಗಳಿಗೂ ಉಳಿಯುವ ಭಾಗ ಯಾವುದು ಎಂದು ನೋಡಬೇಕಾದವಳು ನೀನು. ಅದನ್ನು ಅವರು ಪೀಠಕ್ಕೆ ಬರುವ ಮೊದಲೇ, ಇಬ್ಬರೇ ಕುಳಿತು ಕೇಳಬೇಕು. ಸಭೆಯಲ್ಲಿ ಕೇಳಿದರೆ ಅವಮಾನವಾಗುತ್ತದೆ, ಯೋಜನೆಯೂ ಹಠಕ್ಕೆ ಬೀಳುತ್ತದೆ.

ಅಧ್ಯಕ್ಷರು ಹೋಗುತ್ತಾರೆ, ನೀನು ಉಳಿಯುತ್ತೀಯೆ. ನನಗೆ ನಿನ್ನ ವಿಷಯದಲ್ಲಿ ಭಯವಿರುವುದು ಇಲ್ಲೇ. ನನ್ನ ತಾತ ಶಾನುಭೋಗರಾಗಿದ್ದರು. ಅಮಲ್ದಾರರು ವರ್ಗವಾಗಿ ಹೋಗುತ್ತಿದ್ದರು, ಲೆಕ್ಕದ ಪುಸ್ತಕಗಳು ತಾತನ ಮರದ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಯಾವ ಸರ್ವೆ ನಂಬರಿನಲ್ಲಿ ಯಾವ ತಕರಾರು ಮಲಗಿದೆ, ಯಾರ ಅಜ್ಜ ಯಾರಿಗೆ ಎಷ್ಟು ಗುಂಟೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ, ಎಲ್ಲ ಅವರೊಬ್ಬರಿಗೇ ಗೊತ್ತು. ಊರು ಹೆದರುತ್ತಿದ್ದದ್ದು ತಾತನಿಗಲ್ಲ, ಆ ಪೆಟ್ಟಿಗೆಗೆ. ತಾತ ಕೆಟ್ಟವರೇನಲ್ಲ. ಆದರೂ 1960ರ ದಶಕದಲ್ಲಿ ಸರ್ಕಾರ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ರದ್ದು ಮಾಡಿದಾಗ ಊರಿನಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ ಎಂದು ಅಜ್ಜಿಯೇ ಹೇಳುತ್ತಿದ್ದರು. ಹಳೆಯ ಸಂಸ್ಥೆಗಳ ಕಚೇರಿಯಲ್ಲಿ ತುಂಬಾ ವರ್ಷ ಕುಳಿತವರಿಗೆ ಅಂಥದೊಂದು ಪೆಟ್ಟಿಗೆ ತಾನಾಗಿಯೇ ಬೆಳೆಯುತ್ತದೆ. ಆದ್ದರಿಂದ ನಿರ್ಣಯವನ್ನಷ್ಟೇ ಅಲ್ಲ, ಅದಕ್ಕೆ ಕಾರಣವನ್ನೂ ನಡಾವಳಿಯಲ್ಲಿ ಬರೆಸು. ಇವಳನ್ನು ಕೇಳದೆ ಏನೂ ಗೊತ್ತಾಗುವುದಿಲ್ಲ ಎಂದು ಯಾರಾದರೂ ಹೊಗಳಿದರೆ, ಯಾವ ಕಾಗದ ಎಲ್ಲಿ ಸೇರಬೇಕಿತ್ತು, ಯಾಕೆ ಸೇರಿಲ್ಲ ಎಂದು ಅವತ್ತೇ ಹುಡುಕು.

ಕಾರ್ಯಸೂಚಿಯನ್ನು ಬರೆಯುವಾಗಲೂ ಹಾಗೆಯೇ. ನಾನು ಕಂಡ ಪದಾಧಿಕಾರಿಯೊಬ್ಬರು ತಮಗೆ ಬೇಡದ ವಿಷಯವನ್ನು ಯಾವಾಗಲೂ ಕೊನೆಗೆ ಹಾಕಿಸುತ್ತಿದ್ದರು. ಅಷ್ಟು ಹೊತ್ತಿಗೆ ಪಕ್ಕದ ಕೋಣೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು, ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಪಿಂಚಣಿ ನಿಧಿಯ ಪ್ರಶ್ನೆಯೊಂದು ಹೀಗೆ ವರ್ಷಗಟ್ಟಲೆ ಊಟಕ್ಕೆ ಬಲಿಯಾಯಿತು. ಲಂಡನ್ನಿನಲ್ಲಿ ಸಾರು ಇರಲಾರದು, ರೈಲಿನ ಹೊತ್ತು ಇರುತ್ತದೆ.

ಇನ್ನೊಂದು ವಾಕ್ಯದ ಬಗ್ಗೆ ಎಚ್ಚರ: “ಅಧ್ಯಕ್ಷರು ಹೀಗೆ ಬಯಸುತ್ತಾರೆ.” ಅವರು ನಿಜವಾಗಿ ಹೇಳಿದ್ದರೆ ಮಾತ್ರ ಆಡು. ನಿನ್ನ ಅಭಿಪ್ರಾಯವಾಗಿದ್ದರೆ ನಿನ್ನದೆಂದೇ ಹೇಳು, ಜನ ಒಪ್ಪದಿದ್ದರೂ ಸರಿ. ಕಚೇರಿಯ ಮುಖ್ಯಸ್ಥರಾದ ಡೈರೆಕ್ಟರ್ ಜನರಲ್ ಅವರ ಹೆಸರೂ ಅಷ್ಟೇ. ಎರವಲು ತಂದ ಹೆಸರಿನಿಂದ ಒಂದು ಸಲ ಕೆಲಸ ಸಲೀಸಾದರೆ ಎರಡನೆಯ ಸಲ ನಾಲಿಗೆ ತಾನೇ ಅತ್ತ ಹೊರಳುತ್ತದೆ. ಆಮೇಲೆ ಅಧ್ಯಕ್ಷರ ಮಾತು ಯಾವುದು, ನಿನ್ನದು ಯಾವುದು ಎಂದು ಯಾರೂ ನಂಬದ ಸ್ಥಿತಿ. ಈ ಹುದ್ದೆಯಲ್ಲಿ ನಿನಗಿರುವ ಬಂಡವಾಳವೇ ಆ ನಂಬಿಕೆ.

ಹೆಂಗಸು, ಅದರಲ್ಲೂ ಹೊರಗಿನವಳು ಎಂದು ಅಳುಕಿದ್ದೆ. ಆ ಸಂಸ್ಥೆಗೆ ಮೊದಲ ಮಹಿಳಾ ಸದಸ್ಯೆ ಬಂದದ್ದು 1927ರಲ್ಲಿ: ಡೊರೊಥಿ ಬುಕಾನನ್, ಸಿಡ್ನಿ ಹಾರ್ಬರ್ ಸೇತುವೆಯ ವಿನ್ಯಾಸದಲ್ಲಿ ಕೆಲಸ ಮಾಡಿದವಳು. ಮೊದಲ ಮಹಿಳಾ ಅಧ್ಯಕ್ಷೆ ಜೀನ್ ವೆನೆಬಲ್ಸ್, 2008ರಲ್ಲಿ. ಅಂದರೆ ಒಳಗೆ ಬಿಡಲು 109 ವರ್ಷ, ಪೀಠದ ಮೇಲೆ ಕೂರಿಸಲು ಇನ್ನೂ 81. ಸಭೆಯಲ್ಲಿ ಯಾರಾದರೂ ಇದಕ್ಕಿನ್ನೂ ಕಾಲ ಬಂದಿಲ್ಲ ಎಂದಾಗ ಈ ಲೆಕ್ಕ ನೆನಪಿರಲಿ. ಬಾಯಿ ಬಿಟ್ಟು ಹೇಳಬೇಡ. ಕಾರ್ಯಸೂಚಿಯಲ್ಲಿ ಆ ವಿಷಯವನ್ನು ಎರಡನೆಯ ಸಾಲಿಗೆ ತಂದಿಡು.

ಈಗ ನಿನ್ನ ಅಪ್ಪನ ಬೇಡಿಕೆ. ಸದಸ್ಯರಾಗಲು ಆ ಕಾಲದಲ್ಲಿ ಅರ್ಜಿ ತುಂಬಬೇಕಿತ್ತು, ಈಗಾಗಲೇ ಸದಸ್ಯರಾದವರು ಅದಕ್ಕೆ ಶಿಫಾರಸಿನ ಸಹಿ ಹಾಕಬೇಕಿತ್ತು. ಅಂಥ ಹಳೆಯ ಅರ್ಜಿಗಳನ್ನು ಸಂಸ್ಥೆ ಕಾಪಾಡಿಕೊಂಡು ಬಂದಿದೆ. ವಿಶ್ವೇಶ್ವರಯ್ಯನವರ ಅರ್ಜಿ ಅವುಗಳಲ್ಲಿದ್ದರೆ ಅದರ ಮೇಲೆ ಯಾರ ಸಹಿ ಇದೆ ಎಂದು ಅಪ್ಪನಿಗೆ ತಿಳಿಯಬೇಕಂತೆ. ಬಿಡುವಾದಾಗ ದಾಖಲೆ ವಿಭಾಗದವರನ್ನು ಕೇಳು. ಚೀಫ್ ಆಫ್ ಸ್ಟಾಫ್ ಎಂದು ಹೇಳಿಕೊಂಡಲ್ಲ. ಹೊರಗಿನವರು ತುಂಬುವ ಚೀಟಿಯನ್ನೇ ತುಂಬಿ, ನಿನ್ನ ಸರದಿ ಬರುವವರೆಗೆ ಕಾದು ಕೇಳು. ತಡವಾದರೆ ಅಪ್ಪನಿಗೆ ನಾನು ಸಮಾಧಾನ ಹೇಳುತ್ತೇನೆ.

ನಿನ್ನ
ಅಮ್ಮ