ಹಳೇ ಕಾಲದ ತರಕಾರಿ ಮೇಲೆ ಬೇಜಾರಾಗಿರೋ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹಳೇ ಕಾಲದ ತರಕಾರಿ ತಂದು ಮಾಡ್ದೆ, ರುಚಿನೇ ಇಲ್ಲ, ಜನ ಯಾಕೆ ಬಿಟ್ರು ಅಂತ ಈಗ ಗೊತ್ತಾಯ್ತು ಅಂತ ಬರೆದಿದ್ಯಲ್ಲ, ಓದಿ ಸುಮ್ನೆ ಇರೋಕಾಗ್ಲಿಲ್ಲ ಕಣೋ. ನೀನು ಟರ್ನಿಪ್ಪನ್ನ, ಅದೇ ಆ ಮೂಲಂಗಿ ಥರದ ದುಂಡು ಗೆಡ್ಡೇನ, ಆಲೂಗಡ್ಡೆ ಬೇಯಿಸಿದ ಹಾಗೆ ಬೇಯಿಸಿದೀಯ. ಅದರಲ್ಲಿ ಪಿಷ್ಟ ತೀರಾ ಕಡಿಮೆ, ನೀರೇ ಜಾಸ್ತಿ, ಮೇಲಾಗಿ ಕೋಸು, ಸಾಸಿವೆ ಮನೆತನದ್ದು, ಹಾಗಾಗಿ ತುಂಬಾ ಹೊತ್ತು ಕುದಿಸಿದ್ರೆ ಗಂಧಕದ ವಾಸನೆ ಬಂದೇ ಬರತ್ತೆ. ಚಿಕ್ಕ ಗೆಡ್ಡೆ ಆರಿಸ್ಕೊಂಡು ತೆಳ್ಳಗೆ ಹೆಚ್ಚಿ, ಬಾಣಲೆ ಚೆನ್ನಾಗಿ ಕಾಯಿಸಿ, ಅಂಚು ಕಂದು ಆಗೋವರೆಗೂ ಎಣ್ಣೆಯಲ್ಲಿ ಹುರಿದು ನೋಡು, ಅದರ ಸಿಹಿ ಆಗ ಗೊತ್ತಾಗತ್ತೆ.

ಈ ತರಕಾರಿಗಳ ಹೆಸರು ಕೆಟ್ಟಿದ್ದು ಬರೀ ರುಚಿಯಿಂದ ಅಂತ ನಂಗನ್ಸಲ್ಲ. ಆಲೂಗಡ್ಡೆ 16ನೇ ಶತಮಾನದಲ್ಲಿ ದಕ್ಷಿಣ ಅಮೆರಿಕದಿಂದ ಯುರೋಪಿಗೆ ಬರೋಕ್ ಮುಂಚೆ ಅಲ್ಲಿನವರ ಊಟದಲ್ಲಿ ಟರ್ನಿಪ್, ಪಾರ್ಸ್ನಿಪ್ (ಕ್ಯಾರೆಟ್ ಥರದ ಬಿಳಿ ಗೆಡ್ಡೆ) ಇದ್ದೇ ಇರ್ತಿದ್ವು. ಆಮೇಲೆ ಅವು ಹಿಂದೆ ಬಿದ್ವು, ಮತ್ತೆ ನೆನಪಾಗಿದ್ದು ಬರಗಾಲದಲ್ಲಿ. ಮೊದಲ ಮಹಾಯುದ್ಧದ ನಡುವೆ, 1916-17ರ ಚಳಿಗಾಲದಲ್ಲಿ, ಜರ್ಮನೀಲಿ ಆಲೂಗಡ್ಡೆ ಬೆಳೆ ಕೈಕೊಟ್ಟು ಜನ ಟರ್ನಿಪ್‌ನ ನೆಂಟ ರುಟಬಾಗ ಗೆಡ್ಡೆ ತಿಂದು ದಿನ ತಳ್ಳಿದ್ರು, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಲ್ಲೂ ಅದೇ ಕಥೆ, ಜೊತೆಗೆ ಸೂರ್ಯಕಾಂತಿ ಜಾತಿಯ ಜೆರುಸಲೆಮ್ ಆರ್ಟಿಚೋಕ್ ಗೆಡ್ಡೆ. ಬೆಣ್ಣೆ ಎಣ್ಣೆ ಸಿಗದ ಕಾಲ, ಮತ್ತೆ ಮತ್ತೆ ಅದನ್ನೇ ತಿನ್ನೋದು ಅಂದ್ರೆ ಯಾರಿಗೆ ತಾನೇ ಇಷ್ಟ ಆಗತ್ತೆ ಹೇಳು? ಯುದ್ಧ ಮುಗಿದ್ಮೇಲೂ ಎಷ್ಟೋ ಜನ ಅವನ್ನ ಮುಟ್ಲಿಲ್ಲ. ಪಾಪ, ಗೆಡ್ಡೆ ಏನ್ ಮಾಡತ್ತೆ.

ಒಂದೊಂದಕ್ಕೂ ಒಂದೊಂದು ಬೇಯಿಸೋ ರೀತಿ ಇದೆ, ಅದು ಕೈತಪ್ಪಿ ಹೋಗಿದೆ ಅಷ್ಟೇ. ಪಾರ್ಸ್ನಿಪ್ ಚಳಿ ತಿಂದಷ್ಟೂ ಅದರ ಪಿಷ್ಟ ಸಕ್ಕರೆಯಾಗತ್ತೆ, ಹಾಗಾಗಿ ಹಿಮ ಬಿದ್ದ ಮೇಲೆ ಕಿತ್ತಿದ್ದೇ ರುಚಿ, ದಪ್ಪ ಇದ್ರೆ ನಡುವಿನ ನಾರು ತೆಗೆದುಬಿಡು. ಜೆರುಸಲೆಮ್ ಆರ್ಟಿಚೋಕಲ್ಲಿ ಇರೋದು ಇನ್ಯುಲಿನ್ ಅನ್ನೋ ಒಂಥರಾ ನಾರಿನಂಶ, ಅದು ಸಣ್ಣ ಕರುಳಲ್ಲಿ ಜೀರ್ಣ ಆಗಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನ ಹುದುಗಿಸಿ ಗ್ಯಾಸ್ ಮಾಡ್ತಾವೆ, ಅದಕ್ಕೇ ಮೊದಲ ಸಲ ಎರಡು ಮೂರು ಚೂರಿಗಿಂತ ಜಾಸ್ತಿ ಬೇಡ. ರುಚಿ ಮಾತ್ರ ಸೂಪರ್, ಬಾದಾಮಿ ಥರದ ಬೀಜಗಳ ಘಮ ಇರತ್ತೆ.

ಕೆಸುವಿನ ಗೆಡ್ಡೆ ಅಂದ್ರೆ ನಂಗೆ ಎಲ್ಲಕ್ಕಿಂತ ಪ್ರೀತಿ, ಆದ್ರೆ ಜನ ಹೆದರೋದೂ ಅದಕ್ಕೇ. ಗಂಟಲು ಕೆರೆಯೋದು ಅದರೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಹಸಿ ಗೆಡ್ಡೆ ಹೆಚ್ಚೋದಿದ್ರೆ ಮೊದಲು ಕೈಗೆ ಎಣ್ಣೆ ಸವರ್ಕೋ, ಗೆಡ್ಡೆ ಒದ್ದೆ ಇರಬಾರ್ದು. ಸಿಪ್ಪೆ ಸಮೇತ ಪೂರ್ತಿ ಮೆತ್ತಗಾಗೋವರೆಗೂ ಬೇಯಿಸಿ, ಆ ನೀರು ಚೆಲ್ಲಿ, ಸಿಪ್ಪೆ ಸುಲಿದು, ಆಮೇಲೆ ಹುಳಿ ಹಾಕಿ ಇನ್ನೊಂಚೂರು ಬೇಯಿಸು. ಅರೆಬೆಂದಿರೋವಾಗ ಮಾತ್ರ ರುಚಿ ನೋಡೋಕೆ ಬಾಯಿಗಿಡ್ಬೇಡ ಮಾರಾಯ. ಬೆಂದ ಮೇಲೆ ಆ ಮೆತ್ತನೆ, ಆ ಜಿಗುಟು ಇದ್ಯಲ್ಲ, ಅದೇ ಅದರ ಗುಣ, ಅದನ್ನ ಹೋಗಿಸೋಕೆ ಹೋಗ್ಬೇಡ, ದಪ್ಪ ಗೊಜ್ಜಿಗೆ ಬೇಕಾಗಿರೋದೇ ಅದು.

ಇಷ್ಟೆಲ್ಲ ಒಟ್ಟಿಗೆ ಬೇಡ ಅನ್ಸಿದ್ರೆ ನವಿಲುಕೋಸಿಂದ ಶುರು ಮಾಡು. ಮುಷ್ಟಿಗಿಂತ ದೊಡ್ಡದು ತರ್ಬೇಡ, ಬಲಿತ್ರೆ ಕಟ್ಟಿಗೆ ಥರ ಆಗಿರತ್ತೆ, ಸಿಪ್ಪೆ ದಪ್ಪಗೆ ಹೆರೆದು ಒಂದು ತುಂಡು ಹಸಿಯಾಗೇ ತಿನ್ನು. ಎಲೆ ಎಳೇದಿದ್ರೆ ಬಿಸಾಕ್ಬೇಡ, ಸೊಪ್ಪಿನ ಥರ ಬೇಯಿಸ್ಕೋಬಹುದು. ಮಾಡಿ ಹೇಗಾಯ್ತು ಅಂತ ಬರಿ, ಚೆನ್ನಾಗಿ ಬರ್ಲಿಲ್ಲ ಅಂದ್ರೂ ಬರಿ, ಎಷ್ಟು ಹೊತ್ತು ಬೇಯಿಸ್ದೆ ಅನ್ನೋದನ್ನ ಸೇರಿಸು.

ಇಂತಿ ನಿನ್ನ ಗೆಳೆಯ