ದಾನಿಗೆ ಹೋಗುವ ವರದಿಯನ್ನು ಮಂಡಳಿಯೂ ಓದಲಿ

ಮಾನ್ಯರೇ,

ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಹಣಕಾಸಿನ ಎಡವಟ್ಟಾಗಿದೆ ಎಂಬ ಸುದ್ದಿ ಬಂದಾಗಲೆಲ್ಲ, ಲೆಕ್ಕಪರಿಶೋಧಕರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಆಡಳಿತ ಮಂಡಳಿ ಏನು ಮಾಡುತ್ತಿತ್ತು ಎಂದು ಕೇಳುವವರು ಕಡಿಮೆ. ಅಂಥದೊಂದು ಮಂಡಳಿಯಲ್ಲಿ ಆರು ವರ್ಷ ಖಜಾಂಚಿಯಾಗಿ ಕುಳಿತಿದ್ದ ನನ್ನ ಬಳಿ ಈ ಎರಡನೆಯ ಪ್ರಶ್ನೆಗೆ ಉತ್ತರವಿದೆ, ಹೆಮ್ಮೆಪಡುವಂಥದ್ದಲ್ಲ.

ನಮ್ಮ ಕಾರ್ಯಸೂಚಿಯಲ್ಲಿ ಹಣಕಾಸಿನ ಸ್ಥಾನ ‘ಇತರೆ ವಿಷಯಗಳು’ ಎಂಬುದರ ಹಿಂದಿನದು. ಕಡತ ಹಿಂದಿನ ರಾತ್ರಿ ಇ-ಮೇಲ್‌ನಲ್ಲಿ ಬರುತ್ತಿತ್ತು, ಆ ವಿಷಯ ಬರುವ ಹೊತ್ತಿಗೆ ಒಂದಿಬ್ಬರು ಎದ್ದು ಹೊರಟಿರುತ್ತಿದ್ದರು. ‘ಲೆಕ್ಕಪತ್ರಗಳನ್ನು ಪರಿಶೀಲಿಸಿ ಅನುಮೋದಿಸಲಾಯಿತು’ ಎಂಬ ವಾಕ್ಯವಂತೂ ನಡಾವಳಿಯ ಕರಡಿನಲ್ಲಿ ಸಭೆಗೆ ಮೊದಲೇ ಟೈಪ್ ಆಗಿರುತ್ತಿತ್ತು. ಒಮ್ಮೆ, ತರಬೇತಿ ಯೋಜನೆಗೆಂದೇ ಬಂದಿದ್ದ ಅನುದಾನದಲ್ಲಿ ಮೂರು ತಿಂಗಳು ಕಚೇರಿಯ ಸಂಬಳ ಕೊಟ್ಟಿದ್ದು ಬೆಳಕಿಗೆ ಬಂತು. ಯಾರೂ ಜೇಬಿಗಿಳಿಸಿರಲಿಲ್ಲ, ಇನ್ನೊಬ್ಬ ದಾನಿಯ ಕಂತು ತಡವಾಗಿತ್ತು, ಅದು ಬಂದ ಮೇಲೆ ತುಂಬಿಸಿದರಾಯಿತು ಎಂದುಕೊಂಡಿದ್ದರು. ಆದರೆ ದಾನಿಗೆ ಹೋದ ವಿನಿಯೋಗ ವರದಿಯ ಪ್ರಕಾರ ಅಷ್ಟೂ ಹಣ ತರಬೇತಿಗೇ ಖರ್ಚಾಗಿತ್ತು. ಆ ವರದಿಯನ್ನು ಮಂಡಳಿಯ ಒಬ್ಬ ಸದಸ್ಯರೂ ಓದಿರಲಿಲ್ಲ, ನಾನೂ ಸೇರಿ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದೆವೇ ಹೊರತು, ಅದರಲ್ಲಿ ಷರತ್ತಿಲ್ಲದ ಹಣವೆಷ್ಟು, ಅದು ಎಷ್ಟು ತಿಂಗಳ ಖರ್ಚಿಗೆ ಸಾಕು ಎಂದು ಕೇಳಿರಲಿಲ್ಲ.

ಮಂಡಳಿಯಲ್ಲಿ ಹೆಸರುವಾಸಿಗಳಿದ್ದರೆ ಇದು ತಪ್ಪುತ್ತದೆ ಎಂಬ ಭ್ರಮೆ ಬೇಡ. ಅಮೆರಿಕದ ದೊಡ್ಡ ದತ್ತಿ ಸಂಸ್ಥೆ ಯುನೈಟೆಡ್ ವೇಯ ಮಂಡಳಿಯಲ್ಲಿ ದೊಡ್ಡ ಕಂಪನಿಗಳ ಮುಖ್ಯಸ್ಥರೇ ಇದ್ದರು. ಆದರೂ ಅದರ ಅಧ್ಯಕ್ಷ ವಿಲಿಯಂ ಅರಾಮೊನಿ 1992ರಲ್ಲಿ ರಾಜೀನಾಮೆ ಕೊಟ್ಟು, 1995ರಲ್ಲಿ ವಂಚನೆಗಾಗಿ ಏಳು ವರ್ಷದ ಶಿಕ್ಷೆಗೆ ಗುರಿಯಾದರು. ನನ್ನನ್ನು ಹೆಚ್ಚು ಕಾಡುವುದು ವಂಚನೆಯ ಮಾತೇ ಇಲ್ಲದ ಬ್ರಿಟನ್ನಿನ ‘ಕಿಡ್ಸ್ ಕಂಪನಿ’ ಎಂಬ ಮಕ್ಕಳ ಸೇವಾ ಸಂಸ್ಥೆಯ ಪ್ರಕರಣ. ಸರ್ಕಾರದಿಂದ 30 ಲಕ್ಷ ಪೌಂಡ್ ಪಡೆದ ಕೆಲವೇ ದಿನಗಳಲ್ಲಿ, 2015ರ ಆಗಸ್ಟ್‌ನಲ್ಲಿ, ಅದು ಬಾಗಿಲು ಮುಚ್ಚಿತು. ಆಪತ್ಕಾಲಕ್ಕೆಂದು ಕೂಡಿಟ್ಟ ನಿಧಿ ಅದರ ಬಳಿ ಇಲ್ಲವೆಂಬಷ್ಟು ಕಡಿಮೆಯಿತ್ತು. ಟ್ರಸ್ಟಿಗಳ, ಅಂದರೆ ಮಂಡಳಿಯ ಸದಸ್ಯರ, ಮೇಲ್ವಿಚಾರಣೆ ಸೋತಿತು ಎಂದು ಸಂಸದೀಯ ಸಮಿತಿ ಹೇಳಿತು. ಆದರೆ ಅವರನ್ನು ಕಂಪನಿ ನಿರ್ದೇಶಕರಾಗದಂತೆ ಅನರ್ಹಗೊಳಿಸಬೇಕೆಂಬ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ವಜಾ ಮಾಡಿತು. ಹಣ ಕೊಡುತ್ತಿದ್ದ ಇಲಾಖೆಗಳ ಅಧಿಕಾರಿಗಳು ಸಂಸ್ಥೆಯ ಹಣಕಾಸು ಸ್ಥಿತಿಯ ಬಗ್ಗೆ ಆತಂಕವನ್ನು ಹಲವು ಬಾರಿ ದಾಖಲಿಸಿದ್ದರು, ಅನುದಾನವನ್ನೂ ಮುಂದುವರಿಸಿದ್ದರು.

ದಾನಿಗಳನ್ನು ಹೊರಗಿಟ್ಟು ಈ ಮಾತು ಮುಗಿಯುವುದಿಲ್ಲ. ಕಂತನ್ನು ತಿಂಗಳುಗಟ್ಟಲೆ ತಡಮಾಡುವವರು, ಆಡಳಿತ ವೆಚ್ಚಕ್ಕೆ ಬಿಡಿಕಾಸು ಬಿಟ್ಟು ಲೆಕ್ಕ ಮಾತ್ರ ಚೊಕ್ಕವಾಗಿರಬೇಕೆನ್ನುವವರು, ಒಂದೇ ವೋಚರನ್ನು ನಾಲ್ಕು ನಮೂನೆಗಳಲ್ಲಿ ಕೇಳುವವರು ಅವರೇ. ಲೆಕ್ಕ ಬರೆಯುವವರಿಗೆ ಸಂಬಳ ಕೊಡಲು ಯಾವ ಯೋಜನೆಯಲ್ಲೂ ಜಾಗವಿರುವುದಿಲ್ಲ. ಅಲ್ಲದೆ ದಾನಿಗಳ ಪತ್ರವ್ಯವಹಾರವೆಲ್ಲ ಕಾರ್ಯನಿರ್ವಾಹಕರೊಂದಿಗೆ. ಮಂಡಳಿಗೆ ತಿಳಿದಿದೆಯೇ ಎಂದು ವಿಚಾರಿಸಿದ ಒಬ್ಬ ದಾನಿಯನ್ನೂ ನಾನು ಕಾಣಲಿಲ್ಲ.

ವರದಿಯ ಜೊತೆಗೆ, ಅದನ್ನು ಚರ್ಚಿಸಿದ ಮಂಡಳಿ ಸಭೆಯ ನಡಾವಳಿಯನ್ನೂ ದಾನಿಗಳು ಕೇಳಲಿ. ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆಯಾದರೂ ಸಿಬ್ಬಂದಿಯಿಲ್ಲದ ಕೋಣೆಯಲ್ಲಿ ಮಂಡಳಿಯೊಂದಿಗೆ ಮಾತನಾಡಲಿ. ನಾವು ಕೊನೆಗೆ ಮಾಡಿದ್ದು ಇದಕ್ಕಿಂತ ಚಿಕ್ಕದು: ಹಣಕಾಸನ್ನು ಕಾರ್ಯಸೂಚಿಯ ಮೊದಲ ವಿಷಯವಾಗಿಸಿದೆವು. ಮೊದಲ ಸಲ ಅದಕ್ಕೇ ಎರಡು ಗಂಟೆ ಹಿಡಿಯಿತು. ಬೇರೆ ವಿಷಯಗಳನ್ನು ಮುಂದೂಡಿದೆವು. ಸಂಬಳಕ್ಕೆ ಹೋದ ಹಣದ ಬಗ್ಗೆ ದಾನಿಗೆ ನಿಜ ಬರೆಯುವುದೆಂದೂ ಅಂದೇ ತೀರ್ಮಾನಿಸಿದೆವು. ಪತ್ರಕ್ಕೆ ಅಧ್ಯಕ್ಷರ ಜೊತೆ ನಾನೂ ಸಹಿ ಹಾಕಿದೆ.

ಇಂತಿ,
ಸಂಸ್ಥೆಯೊಂದರ ಮಾಜಿ ಖಜಾಂಚಿ